ಅಪ್ಪನ ಸೊಂಟ, ಮಗನ ಸ್ಕ್ಯಾನ್

ಸೊಂಟನೋವು ಅಂತ ನನ್ನ ಹತ್ತಿರ ಬಂದವರಿಗೆ 36 ವರ್ಷ, ಬ್ಯಾಂಕ್ ಕೆಲಸ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಎಂಆರ್‌ಐ ಕವರನ್ನು ಮೇಜಿನ ಮೇಲಿಡದೆ ತೊಡೆಯ ಮೇಲೇ ಇಟ್ಟುಕೊಂಡು ಕೂತರು. ಅಂಗಿಯೊಳಗೆ ಸೊಂಟದ ಬೆಲ್ಟ್ ಉಬ್ಬಿ ಕಾಣುತ್ತಿತ್ತು. ಮೂಳೆ ಡಾಕ್ಟರು ಪರೀಕ್ಷೆ ಮಾಡಿ, ಆಪರೇಷನ್ ಬೇಡ, ಓಡಾಡಿಕೊಂಡಿರಿ ಅಂದಿದ್ದರು.

"ಅಪ್ಪ ಎಪಿಎಂಸಿಯಲ್ಲಿ ಹಮಾಲಿ ಮಾಡ್ತಿದ್ರು ಮೇಡಂ. ಐವತ್ತಕ್ಕೇ ಸೊಂಟ ಹಿಡ್ಕೊಂಡು ಮಲಗಿದ್ರು. ಮೂಟೆ ಹೊತ್ತೇ ಹೀಗಾಯ್ತು ಅಂದ್ಕೊಂಡಿದ್ವಿ. ನಾನು ಕುರ್ಚಿ ಮೇಲೆ ಕೂರೋನು. ನಂಗೂ ಬಂತು. ಅಂದ್ರೆ ರಕ್ತದಲ್ಲೇ ಇದೆ ಅಲ್ವಾ?"

ರಿಪೋರ್ಟಿನಲ್ಲಿ 'ಡಿಜನರೇಷನ್', ಅಂದರೆ ಸವೆತ, ಅನ್ನುವ ಪದಕ್ಕೆ ಕೆಂಪು ಗೆರೆ ಎಳೆದಿದ್ದರು. ಎರಡು ವರ್ಷದ ಮಗಳನ್ನು ನಾಲ್ಕು ತಿಂಗಳಿಂದ ಎತ್ತಿಕೊಂಡಿಲ್ಲ. ಅವಳು ಕೈ ಚಾಚಿದರೆ ಇವರೇ ನೆಲಕ್ಕೆ ಕೂರುತ್ತಾರೆ. ಈಗ ಅವಳಿಗೂ ಜೀನ್ ಟೆಸ್ಟ್ ಮಾಡಿಸಬೇಕಂತೆ.

ಅವರ ಊಹೆ ಪೂರ್ತಿ ತಪ್ಪಲ್ಲ. ಅದನ್ನೇ ಮೊದಲು ಹೇಳಿದೆ. ಸುಮ್ನೆ ಸಮಾಧಾನ ಮಾಡಿದರೆ ಇಂಥವರು ನಂಬುವುದಿಲ್ಲ. ಫಿನ್‌ಲೆಂಡಿನ 115 ಜೋಡಿ ತದ್ರೂಪಿ ಅವಳಿ ಗಂಡಸರ ಬೆನ್ನುಮೂಳೆಯ ಸ್ಕ್ಯಾನ್ ನೋಡಿದ ಅಧ್ಯಯನ 1995ರಲ್ಲಿ ಬಂತು. ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್‌ನ ಸವೆತಕ್ಕೆ ಹೊರುವ ಭಾರಕ್ಕಿಂತ ಹುಟ್ಟಿದ ಮನೆತನದ ನಂಟೇ ಜಾಸ್ತಿ ಕಂಡಿತು. 1999ರ ಇನ್ನೊಂದು ಅವಳಿ ಅಧ್ಯಯನ, ಸೊಂಟದ ಡಿಸ್ಕ್ ಸವೆತದಲ್ಲಿ ವಂಶವಾಹಿಗಳ (ಜೀನ್‌ಗಳ) ಪಾಲು 74% ಅಂದಿತು.

"ಎಪ್ಪತ್ನಾಲ್ಕಾ!" ಮುಖ ಇಳಿದುಹೋಯಿತು.

ಈ ಸಂಖ್ಯೆ ಹೇಳಿದ ಮೇಲೆ ಬಿಡಿಸಿ ಹೇಳದೆ ಏಳಬಾರದು. ಇದು ನಿಮಗೆ ನೋವು ಬರುವ ಸಾಧ್ಯತೆಯಲ್ಲ. ಡಿಸ್ಕ್ ಒಬ್ಬೊಬ್ಬರಲ್ಲಿ ಒಂದೊಂದು ಥರ ಸವೆಯುತ್ತದಲ್ಲ, ಜನರ ನಡುವಿನ ಆ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು. ಅದೂ ಸವೆತದ ಲೆಕ್ಕ, ನೋವಿನದಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟಿಗೆ ನೋಡಿದ 2015ರ ಪರಿಶೀಲನೆಯಲ್ಲಿ 20ರ ವಯಸ್ಸಿನವರಲ್ಲೇ 37% ಮಂದಿಗೆ ಸವೆತವಿತ್ತು, 80ರವರಲ್ಲಿ 96%. ಕೊಲಾಜನ್ ಅನ್ನುವ ಪ್ರೋಟೀನಿನದು, ವಿಟಮಿನ್ ಡಿ ಗ್ರಾಹಕದ್ದು (ಜೀವಕೋಶದಲ್ಲಿ ಆ ವಿಟಮಿನ್ನನ್ನು ಹಿಡಿದುಕೊಳ್ಳುವ ಪ್ರೋಟೀನ್) ಅಂತ ಹಲವು ಜೀನ್‌ಗಳ ಹೆಸರು ಕೇಳಿಬಂದಿದೆ. ಒಂದೊಂದರ ಪ್ರಭಾವವೂ ಚಿಕ್ಕದು. ಮಗುವಿಗೆ ಟೆಸ್ಟ್ ಮಾಡಿಸಿ ಭವಿಷ್ಯ ಹೇಳಲು ಆಗದು. ದುಡ್ಡು ದಂಡ.

ಆಮೇಲೆ ಕೇಳಿದೆ: "ಮನೇಲಿ ಮಗಳನ್ನ ಯಾರು ಎತ್ಕೊಳ್ತಾರೆ?"

"ಅಪ್ಪ. ದಿನಾ ಸಂಜೆ ಅಂಗಡಿ ತನಕ ಎತ್ಕೊಂಡು ಹೋಗ್ತಾರೆ."

ಹೇಳಿ ಅವರೇ ಸುಮ್ಮನಾದರು. ಅಪ್ಪನಿಗೆ ಈಗ 67.

ಕೊಟ್ಟ ಸಲಹೆ ಇಷ್ಟು. ಬೆಲ್ಟನ್ನು ದಿನಕ್ಕೆ ಒಂದೊಂದು ಗಂಟೆ ಕಡಿಮೆ ಮಾಡಿ. ಬೆಳಿಗ್ಗೆ, ಸಂಜೆ ಹತ್ತು ಹತ್ತು ನಿಮಿಷ ನಡೆಯಿರಿ. ಮಗಳನ್ನು ಮೊದಲ ವಾರ ಸೋಫಾದಿಂದ ತೊಡೆಗೆ, ಆಮೇಲೆ ಮಂಡಿ ಮಡಚಿ ಎದೆಗೆ ಅವಚಿಕೊಂಡು ಎತ್ತಿ. ಸ್ವಲ್ಪ ನೋವಾದರೆ ಹೆದರಬೇಡಿ. ಕಾಲಿನ ಬಲ ಕುಂದಿದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಓಡಿ.

ಆರು ವಾರದ ಮೇಲೆ ಬಂದಾಗ ಬೆಲ್ಟ್ ಇರಲಿಲ್ಲ. ಬೆಳಗಿನ ನೋವು ಇನ್ನೂ ಇದೆ ಅಂದರು. ಮಗಳನ್ನು ಗೇಟಿನವರೆಗೆ ಎತ್ತಿಕೊಂಡು ಹೋಗುತ್ತಾರಂತೆ, ಅಲ್ಲಿಂದ ಮುಂದಕ್ಕೆ ತಾತನೇ ಬೇಕಂತೆ ಅವಳಿಗೆ.