ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆಗುತ್ತಿದ್ದರೆ ದೋಷವನ್ನು ಪತ್ತೆಹಚ್ಚುವುದು ಹೇಗೆ?

ವಿಡಿಯೊ ಎಡಿಟಿಂಗ್ ಆರಂಭಿಸಿದ ಹತ್ತು ಹದಿನೈದು ನಿಮಿಷಗಳಲ್ಲಿ ಕಂಪ್ಯೂಟರ್ ಯಾವ ಎಚ್ಚರಿಕೆಯೂ ಇಲ್ಲದೆ ಆಫ್ ಆಗುತ್ತದೆ, ಬ್ರೌಸರ್ ಮಾತ್ರ ತೆರೆದಿದ್ದಾಗ ಗಂಟೆಗಟ್ಟಲೆ ನಡೆಯುತ್ತದೆ ಎಂದಿದ್ದೀರಿ. ಹೊರೆ ಬಿದ್ದಾಗ ಮಾತ್ರ ಹೀಗಾಗುವುದರಿಂದ ಪ್ರೊಸೆಸರ್‌ನ ಬಿಸಿ ಅಥವಾ ಎಸ್‌ಎಂಪಿಎಸ್ (ಕಂಪ್ಯೂಟರ್‌ನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ), ಈ ಎರಡರ ಮೇಲೆಯೇ ಮೊದಲ ಅನುಮಾನ. ವಿಂಡೋಸ್‌ನ ಘಟನೆಗಳ ಪಟ್ಟಿಯನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕಾಣುವ ‘ಕರ್ನಲ್-ಪವರ್ 41’ ಎಂಬ ದಾಖಲೆಯನ್ನು ನೋಡಿ ಗಾಬರಿಯಾಗಬೇಡಿ. ವಿಂಡೋಸ್ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ, ಕಾರಣವನ್ನಲ್ಲ.

ಮುಖ್ಯ ಕಡತಗಳನ್ನು ಮೊದಲು ಬೇರೆ ಡಿಸ್ಕ್‌ಗೆ ನಕಲಿಸಿಕೊಳ್ಳಿ. ಅನಂತರ ಪ್ರೊಸೆಸರ್‌ನ ತಾಪಮಾನ ತೋರಿಸುವ ಎಚ್‌ಡಬ್ಲ್ಯೂಇನ್ಫೋದಂತಹ ಉಚಿತ ತಂತ್ರಾಂಶವನ್ನು ತೆರೆದಿಟ್ಟು ಎಡಿಟಿಂಗ್ ನಡೆಸಿ. ತಾಪಮಾನ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದ ಬೆನ್ನಲ್ಲೇ ಯಂತ್ರ ನಿಂತರೆ, ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ಆಫ್ ಮಾಡಿಸಿದೆ ಎಂದು ತಿಳಿಯಬಹುದು. ಆಗ ಕರೆಂಟ್ ತೆಗೆದು, ಪ್ರೊಸೆಸರ್‌ನ ಬಿಸಿಯನ್ನು ಹೊರಹಾಕುವ ಲೋಹದ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕಟ್ಟಿಕೊಂಡ ದೂಳನ್ನು ಬ್ರಷ್‌ನಿಂದ ಬಿಡಿಸಿ, ಅದಕ್ಕೂ ಪ್ರೊಸೆಸರ್‌ಗೂ ನಡುವೆ ಒಣಗಿದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ತೆಳುವಾಗಿ ಹಚ್ಚಬೇಕು. ನಾನು ಕಂಡಂತೆ ಹಳೆಯ ಯಂತ್ರಗಳಲ್ಲಿ ಬಹಳಷ್ಟು ಸಲ ಇಷ್ಟೇ ಸಾಕಾಗುತ್ತದೆ.

ತಾಪಮಾನ 70ರ ಆಸುಪಾಸಿನಲ್ಲಿದ್ದೂ ಆಫ್ ಆದರೆ ಎಸ್‌ಎಂಪಿಎಸ್ ಕಡೆ ತಿರುಗಿ, ವಿಶೇಷವಾಗಿ ಗ್ರಾಫಿಕ್ಸ್ ಕಾರ್ಡನ್ನು ಆಮೇಲೆ ಸೇರಿಸಿದ್ದರೆ. ಅದು ಕೊಡುವ 12 ವೋಲ್ಟ್ ಸಾಲು 11.4ರಿಂದ 12.6 ವೋಲ್ಟ್‌ಗಳ ಒಳಗಿರಬೇಕು. ಆದರೆ ಕ್ಷಣಮಾತ್ರದ ಕುಸಿತವನ್ನು ಸಾಮಾನ್ಯ ಮೀಟರ್ ಹಿಡಿಯಲಾರದು. ಸಾಕಷ್ಟು ವ್ಯಾಟ್‌ನ, ಸುಸ್ಥಿತಿಯಲ್ಲಿರುವ ಇನ್ನೊಂದು ಎಸ್‌ಎಂಪಿಎಸ್ ಜೋಡಿಸಿ ನೋಡುವುದೇ ನಂಬಲರ್ಹ ಪರೀಕ್ಷೆ. ಅದಕ್ಕೂ ಮೊದಲು ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್‌ಗೆ ಸಿಕ್ಕಿಸಿ ಒಮ್ಮೆ ಪ್ರಯತ್ನಿಸಿ, ಏಕೆಂದರೆ ಸೋತ ಬ್ಯಾಟರಿಯ ಅಥವಾ ಸಾಮರ್ಥ್ಯ ಸಾಲದ ಯುಪಿಎಸ್ ಕೂಡ ಇದೇ ಲಕ್ಷಣವನ್ನು ತೋರಿಸುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.