ಟಿಗ್ರಾನ್ ಪೆಟ್ರೋಸಿಯನ್ ಚೆಸ್ ಆಟ ನಿಜಕ್ಕೂ ಅಷ್ಟು ಬೋರಾ?

ಹಾಗನ್ನೋರು ಡ್ರಾಗಳ ಲೆಕ್ಕ ನೋಡಿರುತ್ತಾರೆ, ಆಟ ನೋಡಿರಲ್ಲ.

ಪೆಟ್ರೋಸಿಯನ್ 1929ರಲ್ಲಿ ಜಾರ್ಜಿಯಾದ ಟಿಬಿಲಿಸಿಯ ಅರ್ಮೇನಿಯನ್ ಮನೆಯಲ್ಲಿ ಹುಟ್ಟಿದವರು. ಯುದ್ಧದ ಕಾಲದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು, ಬೀದಿ ಗುಡಿಸಿ ಹೊಟ್ಟೆ ಹೊರೆದರು. 1963ರಲ್ಲಿ ಬೊಟ್ವಿನ್ನಿಕ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. 1966ರಲ್ಲಿ ಸ್ಪಾಸ್ಕಿ ಎದುರು ಪಟ್ಟ ಉಳಿಸಿಕೊಂಡು, 1969ರಲ್ಲಿ ಅದೇ ಸ್ಪಾಸ್ಕಿಗೆ ಸೋತರು.

ಆಟದ ರೀತಿ ಏನಪ್ಪಾ ಅಂದ್ರೆ, ಎದುರಾಳಿಯ ಪ್ಲಾನ್ ಇನ್ನೂ ಶುರುವಾಗುವ ಮೊದಲೇ ಅದರ ದಾರಿ ಮುಚ್ಚಿಬಿಡುವುದು. ನುಗ್ಗಿ ಹೊಡೆಯುವ ಆಟ ಕಮ್ಮಿ, ನಿಜ. ಆದರೆ 1953ರ ಜ್ಯೂರಿಕ್ ಟೂರ್ನಿಯಲ್ಲಿ ರೆಶೆವ್‌ಸ್ಕಿ ವಿರುದ್ಧ ಆಡಿದ್ದು ನೋಡಿ: ಬೇಕಂತಲೇ ತಮ್ಮ ರೂಕನ್ನು (ಆನೆ, ಬಿಷಪ್‌ಗಿಂತ ಹೆಚ್ಚು ಬೆಲೆಯ ಕಾಯಿ) ಎದುರಾಳಿಯ ಬಿಷಪ್ ಬಾಯಿಗೆ ಇಟ್ಟರು, ಯಾಕಂದ್ರೆ ರೂಕ್ ಇದ್ದ ಜಾಗ ಖಾಲಿಯಾದರೆ ಕುದುರೆ ಸುತ್ತಿಬಂದು ನಟ್ಟನಡುವೆ ಗಟ್ಟಿಯಾಗಿ ಕೂರಬಹುದಿತ್ತು, ಎದುರಾಳಿಯ ಪಾನ್‌ಗಳು (ಕಾಲಾಳುಗಳು) ಅಲ್ಲೇ ನಿಂತುಹೋಗುತ್ತಿದ್ದವು. ಆಟ ಡ್ರಾ ಆಯಿತು, ಆದ್ರೂ ಇವತ್ತಿಗೂ ಪಾಠ ಹೇಳೋದು ಅದನ್ನೇ! ಸುಮ್ನೆ ಹೆದರಿ ಆಡುವವರು ರೂಕ್ ಬಿಟ್ಟುಕೊಡ್ತಾರಾ?

ದೇಶಗಳ ತಂಡಗಳು ಆಡುವ ಚೆಸ್ ಒಲಿಂಪಿಯಾಡ್‌ನಲ್ಲಿ ಹತ್ತು ಸಲ ಆಡಿ ಪೆಟ್ರೋಸಿಯನ್ ಸೋತಿದ್ದು ಒಂದೇ ಒಂದು ಆಟ, 1972ರಲ್ಲಿ ಹ್ಯೂಬ್ನರ್ ಎದುರು.