ಎಡಗಡೆ ಕಿಟಕಿ ಹಿಡಿಯಿರಿ, ಮಂಗಳೂರು ಕಾಣುತ್ತದೆ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಮಕ್ಕಳೊಂದಿಗೆ ವಿಮಾನದಿಂದ ಊರು ನೋಡುವ ಬಗ್ಗೆ ಬಂದ ಪ್ರಶ್ನೆಗಳು. ಉತ್ತರ ಕೊಟ್ಟವರು ಎಟಿಆರ್ ವಿಮಾನ ಹಾರಿಸಿ ನಿವೃತ್ತರಾದ, ಮಂಗಳೂರಿನವರೇ ಆದ ಪೈಲಟ್.

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಬಜಪೆಗೆ ಬರುವ ವಿಮಾನಗಳನ್ನು ಟೆರೇಸಿನಿಂದ ನೋಡುವುದೇ ಅವಳ ಕೆಲಸ. "ಅಮ್ಮಾ, ಮೇಲಿಂದ ನಮ್ಮ ಮನೆ ಕಾಣ್ತದಾ?" ಎಂದು ದಿನಾ ಕೇಳುತ್ತಾಳೆ. ಪುಟ್ಟ ವಿಮಾನದಲ್ಲಿ ಊರಿನ ಮೇಲೆ ಒಂದು ಸುತ್ತು ಹೋಗಲು ಇಲ್ಲಿ ವ್ಯವಸ್ಥೆ ಉಂಟಾ? ನಾವು ಹೋಗುವ ದಿನ ಟೆರೇಸಿನಲ್ಲಿ ನಿಂತು ಕೆಂಪು ಬೈರಾಸು (ಟವೆಲ್) ಬೀಸುತ್ತೇನೆ ಎಂದು ಅಜ್ಜ ಬೇರೆ ಮಾತು ಕೊಟ್ಟಿದ್ದಾರೆ. ಅವಳಿಗೆ ಕಾಣಬಹುದಾ?
- ಒಬ್ಬ ತಾಯಿ, ದೇರೆಬೈಲ್

ಉತ್ತರ: ಟಿಕೆಟ್ ತೆಗೆದು ಹತ್ತಿ, ಒಂದು ಸುತ್ತು ಹೊಡೆದು ಇಳಿಯುವಂಥ ನಾಲ್ಕು ಸೀಟಿನ ವಿಮಾನ ಮಂಗಳೂರಿನಲ್ಲಿ ದಿನಾ ಸಿಗುವುದಿಲ್ಲ. ಅಂಥವು ಇರುವುದು ಬೆಂಗಳೂರಿನ ಜಕ್ಕೂರು, ಮೈಸೂರು ಕಡೆಯ ಹಾರಾಟ ತರಬೇತಿ ಶಾಲೆಗಳಲ್ಲಿ. ಇಲ್ಲಿ ಉತ್ಸವದ ಸಮಯದಲ್ಲಿ ಮೇರಿಹಿಲ್ ಹೆಲಿಪ್ಯಾಡಿನಿಂದ ಹೆಲಿಕಾಪ್ಟರ್ ಸುತ್ತು ಇಟ್ಟದ್ದುಂಟು. ಅದಕ್ಕೆ ಕಾಯುವ ತಾಳ್ಮೆ ಇದ್ದರೆ ಕಾಯಿರಿ.

ನನ್ನನ್ನು ಕೇಳಿದರೆ ಸುಲಭದ ದಾರಿ ಬೇರೆ. ಬೆಂಗಳೂರಿಗೋ ಹೈದರಾಬಾದಿಗೋ ಹೇಗೂ ಹೋಗುವವರಿದ್ದರೆ, ಬುಕ್ ಮಾಡುವಾಗ ವಿಮಾನದ ಮಾದರಿ ನೋಡಿ. ಎಟಿಆರ್ 72 ಎಂದಿದ್ದರೆ ಅದನ್ನೇ ಹಿಡಿಯಿರಿ. ಎರಡು ಪ್ರೊಪೆಲ್ಲರ್‌ಗಳ ವಿಮಾನ, ಎಪ್ಪತ್ತು ಚಿಲ್ಲರೆ ಸೀಟು. ದೊಡ್ಡ ಜೆಟ್‌ನಲ್ಲಿ ರೆಕ್ಕೆ ಕಿಟಕಿಯ ಕೆಳಗೆ ಇರುತ್ತದೆ, ಮಧ್ಯದ ಸಾಲಿನಲ್ಲಿ ಕೂತರೆ ಊರಿನ ಬದಲು ರೆಕ್ಕೆಯನ್ನೇ ನೋಡಬೇಕು. ಎಟಿಆರ್‌ನ ರೆಕ್ಕೆ ತಲೆಯ ಮೇಲೆ. ಕೆಳಗಿನದ್ದಕ್ಕೆ ಏನೂ ಅಡ್ಡ ಇಲ್ಲ. ಜೆಟ್‌ನಷ್ಟು ಬೇಗ ಮೇಲೇರುವುದೂ ಇಲ್ಲ, ಹಾಗಾಗಿ ನೋಡಲು ಸ್ವಲ್ಪ ಜಾಸ್ತಿ ಹೊತ್ತು ಸಿಗುತ್ತದೆ. ಪ್ರೊಪೆಲ್ಲರಿನ ಸಾಲಿನಲ್ಲಿ ಶಬ್ದ ಜಾಸ್ತಿ, ಅದಕ್ಕಿಂತ ಹಿಂದೆ ಕೂತುಕೊಳ್ಳಿ. ನೆಲ ಬಿಟ್ಟ ಕೂಡಲೇ ಚಕ್ರ ಮಡಚಿ ಹೊಟ್ಟೆಯೊಳಗೆ ಹೋಗುವುದು ಕೆಲವು ಕಿಟಕಿಗಳಿಂದ ಚೆನ್ನಾಗಿ ಕಾಣುತ್ತದೆ. ಮಕ್ಕಳು ಊರು ಮರೆತರೂ ಅದನ್ನು ಮರೆಯುವುದಿಲ್ಲ.

ಈಗ ಯಾವ ಬದಿ ಎಂಬ ಮಾತು. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿ ಇಳಿಯುತ್ತದೆ. ಬಜಪೆಯ ದೊಡ್ಡ ರನ್‌ವೇಯ ಒಂದು ತುದಿ ಈಶಾನ್ಯಕ್ಕೆ, ಇನ್ನೊಂದು ನೈಋತ್ಯಕ್ಕೆ, ಅಂದರೆ ಸಮುದ್ರದ ಕಡೆಗೆ. ಮಧ್ಯಾಹ್ನದ ಕಡಲ ಗಾಳಿಯಲ್ಲೂ ಮಳೆಗಾಲದಲ್ಲೂ ಏರುವುದು ಹೆಚ್ಚಾಗಿ ಸಮುದ್ರದ ಕಡೆಗೇ. ಆಗ ಊರು ನಿಮ್ಮ ಎಡಕ್ಕೆ ಬರುತ್ತದೆ. ಬಲಕ್ಕೆ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ, ಎಂಸಿಎಫ್ ಗೊಬ್ಬರ ಕಾರ್ಖಾನೆ, ಪಣಂಬೂರಿನ ಬಂದರು. ಹಾಗಾಗಿ ಮಗಳಿಗೆ ಎಡಗಡೆಯ ಎ ಸೀಟು. ಸಮುದ್ರದ ಮೇಲೆ ಹೋಗಿ ಎಡಕ್ಕೇ ತಿರುಗಿದರೆ ನಿಮ್ಮ ಅದೃಷ್ಟ, ರೆಕ್ಕೆ ಬಾಗಿ ಇಡೀ ಊರು ಕಿಟಕಿಗೆ ಬರುತ್ತದೆ. ಬಲಕ್ಕೆ ತಿರುಗಿದರೆ ಬರೀ ಆಕಾಶ. ಅದು ಕಂಟ್ರೋಲ್ ಟವರಿನವರ ಕೈಯಲ್ಲಿದೆ, ಗಗನಸಖಿಯನ್ನು ಕೇಳಿ ಪ್ರಯೋಜನ ಇಲ್ಲ. ಇನ್ನು ಈಶಾನ್ಯಕ್ಕೆ ಏರಿದರೆ ಊರು ಬೆನ್ನ ಹಿಂದೆ ಉಳಿಯುತ್ತದೆ. ಹಾಗಾದರೆ ಬರುವಾಗ ನೋಡಿ. ಸಮುದ್ರದ ಕಡೆಯಿಂದ ಬಂದು ಇಳಿದರೆ ಊರು ಬಲಕ್ಕೆ, ಗುಡ್ಡೆಗಳ ಕಡೆಯಿಂದ ಬಂದರೆ ಎಡಕ್ಕೆ.

ನೆಲ ಬಿಟ್ಟಲ್ಲಿಂದ ಕಡಲ ದಂಡೆ ದಾಟುವವರೆಗೆ ಸಿಗುವುದು ಮೂರು ನಿಮಿಷ, ಹೆಚ್ಚೆಂದರೆ. ಆ ಮೂರು ನಿಮಿಷದಲ್ಲಿ "ಅದೇನು, ಇದೇನು" ಎಂದು ಹುಡುಕುತ್ತಾ ಕೂತರೆ ಮುಗಿಯಿತು. ಅದಕ್ಕೇ ಮನೆಪಾಠ ಮೊದಲೇ ಆಗಬೇಕು. ಹಿಂದಿನ ದಿನ ಮಗಳ ಜೊತೆ ಕೂತು ಒಂದು ಹಾಳೆಯಲ್ಲಿ ಊರಿನ ನಕ್ಷೆ ಬರೆಯಿರಿ. ರಸ್ತೆ ಬೇಡ, ಮೇಲಿಂದ ರಸ್ತೆ ಗುರುತು ಸಿಗುವುದಿಲ್ಲ. ನೀರು ಬರೆಯಿರಿ. ಪೂರ್ವದಿಂದ ನೇತ್ರಾವತಿ ಬರುತ್ತದೆ. ಉತ್ತರದಿಂದ ಗುರುಪುರ ನದಿ ಬಂದು, ಇನ್ನೇನು ಕಡಲಿಗೆ ಸೇರಬೇಕು ಎನ್ನುವಾಗ ದಕ್ಷಿಣಕ್ಕೆ ತಿರುಗಿ ದಂಡೆಯ ಪಕ್ಕದಲ್ಲೇ ಹರಿಯುತ್ತದೆ. ಎರಡೂ ಸೇರಿ ಒಂದೇ ಅಳಿವೆ ಬಾಗಿಲಿನಲ್ಲಿ ಸಮುದ್ರಕ್ಕೆ. ನದಿಗೂ ಕಡಲಿಗೂ ನಡುವೆ ಸಪೂರ ಪಟ್ಟಿಯಾಗಿ ಉಳಿದದ್ದು ತಣ್ಣೀರುಬಾವಿ, ಬೆಂಗ್ರೆ. ನೆಲದ ಮೇಲೆ ವರ್ಷಗಟ್ಟಲೆ ಓಡಾಡಿದರೂ ಈ ಆಕಾರ ತಲೆಗೆ ಹೋಗುವುದಿಲ್ಲ. ಮೇಲಿಂದ ಒಮ್ಮೆ ನೋಡಿದರೆ ಸಾಕು. ಮಂಗಳೂರಿಗೆ ಹಳೆ ಬಂದರು ಯಾಕೆ ಅಲ್ಲೇ ಬಂತು ಎಂದು ಏಳು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ನಕ್ಷೆಯಲ್ಲಿ ಹುಡುಕಲು ನಾಲ್ಕೇ ಗುರುತು ಕೊಡಿ. ಕೂಳೂರು ಸೇತುವೆ, ದಕ್ಕೆಯ (ಮೀನುಗಾರಿಕೆ ಬಂದರಿನ) ಬೋಟುಗಳು, ನೇತ್ರಾವತಿಯ ರೈಲು ಸೇತುವೆ, ನದಿ ನಡುವಿನ ಒಂದು ಕುದ್ರು, ಅಂದರೆ ನಡುಗಡ್ಡೆ. ಜೂನ್, ಜುಲೈ ತಿಂಗಳಲ್ಲಿ ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಮೋಡ ಬಿಟ್ಟುಕೊಟ್ಟರೆ ಅದು ನೋಡುವಂಥದ್ದು. ಮಳೆಯ ಕೆಂಪು ನೀರು ಅಳಿವೆ ದಾಟಿ ಕಡಲಿಗೆ ಸೇರುವಲ್ಲಿ ಗೆರೆ ಎಳೆದಂತೆ ಬಣ್ಣ ಬದಲಾಗುವುದೂ ಆಗಲೇ. ಆದರೆ ಮಳೆಗಾಲದ ಮೋಡವನ್ನು ನಂಬಿ ಟಿಕೆಟ್ ಮಾಡಬೇಡಿ. ಮಳೆ ನಿಂತ ಮೇಲೆ ಅಕ್ಟೋಬರ್, ನವೆಂಬರ್ ಎಲ್ಲಕ್ಕಿಂತ ಒಳ್ಳೆಯದು. ಗಾಳಿ ತೊಳೆದಿರುತ್ತದೆ, ಗುಡ್ಡೆ ಇನ್ನೂ ಹಸಿರಾಗಿರುತ್ತದೆ. ಮಾರ್ಚ್ ಬಂತೆಂದರೆ ಎಲ್ಲಾ ಮಬ್ಬು.

ಮನೆ ಕಾಣುತ್ತದಾ? ಕಷ್ಟ. ದೇರೆಬೈಲಿನಿಂದ ವಿಮಾನ ಮೂರ್ನಾಲ್ಕು ಕಿಲೋಮೀಟರ್ ಆಚೆ ಹೋಗುತ್ತದೆ. ಅಷ್ಟು ದೂರದಿಂದ ಒಂದು ಸಿಟಿ ಬಸ್, ಕೈ ಚಾಚಿ ಹಿಡಿದ ಎಳ್ಳುಕಾಳಿಗಿಂತ ಸಣ್ಣದು. ಒಂದು ಕಾಲದಲ್ಲಿ ಊರೆಲ್ಲ ಹಂಚಿನ ಮಾಡು, ನಡುವೆ ತೆಂಗು. ಈಗ ಮಳೆ ಸೋರದಂತೆ ಪ್ರತಿ ಟೆರೇಸಿಗೂ ಶೀಟು. ಕೆಂಪು, ನೀಲಿ, ಮತ್ತೆ ಕೆಂಪು. ಅದರಲ್ಲಿ ನಿಮ್ಮದು ಯಾವುದು? ಮನೆ ಹತ್ತಿರದ ಒಂದು ದೊಡ್ಡ ಮೈದಾನವೋ ಎತ್ತರದ ಫ್ಲ್ಯಾಟೋ ಗುರುತು ಇಟ್ಟುಕೊಂಡು "ಅದರ ಪಕ್ಕ ನಮ್ಮ ಮನೆ" ಎನ್ನಿ. ಮಗಳಿಗೆ ಅಷ್ಟು ಸಾಕು.

ಅಜ್ಜನ ಬೈರಾಸು ಕಾಣುವುದಿಲ್ಲ. ಆದರೂ ಬೀಸಲಿ, ಬೇಡ ಎನ್ನಬೇಡಿ. ಅವರಿಗೆ ವಿಮಾನ ಕಾಣುತ್ತದೆಯಲ್ಲ. ಒಂದೇ ಎಚ್ಚರ: ಕಾಣಲಿ ಎಂದು ಯಾರಾದರೂ ಲೇಸರ್ ಟಾರ್ಚ್ ಹಿಡಿಯುವ ಉಪಾಯ ಕೊಟ್ಟರೆ ಕೇಳಬೇಡಿ. ಇಳಿಯುವ, ಏರುವ ಹೊತ್ತಿನಲ್ಲಿ ಪೈಲಟ್ ಕಣ್ಣಿಗೆ ಆ ಬೆಳಕು ಹೊಡೆದರೆ ಎದುರಿನದ್ದೇನೂ ಕಾಣುವುದಿಲ್ಲ. ಅದು ಅಪರಾಧವೂ ಹೌದು.

ಮತ್ತೆ, ಆ ಮೂರು ನಿಮಿಷ ಮೊಬೈಲ್ ಚೀಲದಲ್ಲಿರಲಿ ಮಾರಾಯ್ರೆ. ಅಪ್ಪ ಅಮ್ಮ ವಿಡಿಯೋ ಮಾಡುತ್ತಾ ಕೂತರೆ ಮಗು ಕಿಟಕಿ ಬಿಟ್ಟು ಸ್ಕ್ರೀನ್ ನೋಡುತ್ತದೆ. ನಾನು ಕಂಡದ್ದೇ ಇದು.

ಪ್ರಶ್ನೆ: ಐದು ವರ್ಷದ ಮಗನನ್ನು ಮೊದಲ ಸಲ ವಿಮಾನದಲ್ಲಿ ಕರೆದುಕೊಂಡು ಹೋಗುತ್ತಿದ್ದೇವೆ. ಅವನಿಗೆ ಶೀತ ಬೇಗ ಆಗುತ್ತದೆ, ಕಿವಿ ನೋವಿನ ಭಯ. ನನ್ನ ಅತ್ತೆಗೆ ಬಜಪೆ ರನ್‌ವೇಯದ್ದೇ ಭಯ. ಏನು ಹೇಳಲಿ?
- ಸುರತ್ಕಲ್‌ನಿಂದ ಒಬ್ಬರು

ಉತ್ತರ: ಕಿವಿ ನೋಯುವುದು ಏರುವಾಗ ಅಲ್ಲ, ಹೆಚ್ಚಾಗಿ ಇಳಿಯುವಾಗ. ಹೊರಗಿನ ಒತ್ತಡ ಹೆಚ್ಚುತ್ತಾ ಬರುತ್ತದೆ, ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆಯದಿದ್ದರೆ ಕಿವಿಯ ಪರದೆ ಒಳಕ್ಕೆ ಎಳೆಯುತ್ತದೆ. ನುಂಗಿದಾಗ ಆ ನಾಳ ತೆರೆಯುತ್ತದೆ. ಇಳಿಯಲು ಶುರುವಾದ ಕೂಡಲೇ ಸ್ಟ್ರಾ ಹಾಕಿ ಸ್ವಲ್ಪ ಸ್ವಲ್ಪ ನೀರು ಕುಡಿಸಿ. ನಿದ್ದೆ ಮಾಡುತ್ತಿದ್ದರೆ ಎಬ್ಬಿಸಿ, ನಿದ್ದೆಯಲ್ಲಿ ನುಂಗುವುದು ಕಡಿಮೆ. ಮೂಗು ಪೂರ್ತಿ ಕಟ್ಟಿದ್ದರೆ, ಕಿವಿ ಸೋರುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಮೂಗಿನ ಹನಿ ನೀವಾಗಿ ಹಾಕಬೇಡಿ.

ಅತ್ತೆಯವರ ಭಯಕ್ಕೆ ಕಾರಣ ಇದೆ. 2010ರ ಮೇ 22ರಂದು ಇಲ್ಲಿ ಇಳಿಯುವಾಗ ಆದ ವಿಮಾನ ದುರಂತದಲ್ಲಿ 158 ಜನ ತೀರಿಹೋದದ್ದನ್ನು ಈ ಊರು ಮರೆಯುವುದಿಲ್ಲ, ಮರೆಯಲೂಬಾರದು. ಸರಿಯಾದ ಎತ್ತರ, ವೇಗಕ್ಕೆ ಬಾರದ ಇಳಿತವನ್ನು ಕೈಬಿಟ್ಟು ಮತ್ತೆ ಮೇಲೇರದೆ ಮುಂದುವರಿಸಿದ್ದೇ ಕಾರಣ ಎಂದು ತನಿಖೆ ಹೇಳಿತು. ರನ್‌ವೇಯ ಉದ್ದ 2,450 ಮೀಟರ್. ಎಟಿಆರ್‌ಗೆ ಏರಲು ಸುಮಾರು 1,300 ಮೀಟರ್ ಸಾಕು. ಹಾಗಾಗಿ ತುದಿ ಬರುವ ಮೊದಲೇ ನೀವು ಗಾಳಿಯಲ್ಲಿರುತ್ತೀರಿ. ಗುಡ್ಡೆ ಮುಗಿದಲ್ಲಿ ನೆಲ ಒಮ್ಮೆಲೇ ಕೆಳಗಿಳಿದು ಹೋಗುವುದು ಕಿಟಕಿಯಿಂದ ಕಾಣುತ್ತದೆ. ಅದನ್ನು ಅತ್ತೆಗೂ ಮಗನಿಗೂ ಮೊದಲೇ ಹೇಳಿಡಿ. ಇದ್ದಕ್ಕಿದ್ದಂತೆ ಕಂಡರೆ ಮಾತ್ರ ಎದೆ ಧಸಕ್ಕೆನ್ನುವುದು. ಅತ್ತೆಗೆ ಕಿಟಕಿ ಬೇಡವೆಂದರೆ ಒತ್ತಾಯ ಬೇಡ.

ಪ್ರಶ್ನೆ: ಪರಿಚಯದ ಹುಡುಗನೊಬ್ಬ ಖಾಸಗಿ ಪೈಲಟ್ ಲೈಸೆನ್ಸ್ ಪಡೆದಿದ್ದಾನೆ. ರಜೆಯಲ್ಲಿ ಬೆಂಗಳೂರಿಗೆ ಬಂದರೆ ನಾಲ್ಕು ಸೀಟಿನ ಸೆಸ್ನಾದಲ್ಲಿ ನನ್ನನ್ನೂ ಮಗಳನ್ನೂ ಸುತ್ತಾಡಿಸುತ್ತೇನೆ, ಖರ್ಚಿನ ಮೇಲೆ ಸ್ವಲ್ಪ ಕೊಡಿ ಎನ್ನುತ್ತಾನೆ. ಹೋಗಬಹುದಾ?
- ಕದ್ರಿಯಿಂದ ಒಬ್ಬ ತಂದೆ

ಉತ್ತರ: ಆ "ಸ್ವಲ್ಪ ಕೊಡಿ" ಎನ್ನುವಲ್ಲೇ ತೊಂದರೆ. ಖಾಸಗಿ ಲೈಸೆನ್ಸಿನಲ್ಲಿ ದುಡ್ಡು ತೆಗೆದುಕೊಂಡು ಜನರನ್ನು ಹಾರಿಸುವಂತಿಲ್ಲ. ಹಾಗೆ ಮಾಡಲು ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಪರವಾನಗಿ ಇರುವ ಸಂಸ್ಥೆ ಬೇಕು, ಕಮರ್ಷಿಯಲ್ ಲೈಸೆನ್ಸ್ ಇರುವ ಪೈಲಟ್ ಬೇಕು. ಸಂಕೋಚ ಬಿಟ್ಟು ಕಾಗದ ಕೇಳಿ. ಮಗಳ ಜೀವದ ವಿಷಯ.

ಸರಿಯಾದ ಕಡೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಸಣ್ಣ ವಿಮಾನ ತುಂಬಾ ಕುಲುಕುತ್ತದೆ. ತೂಕ ಕೇಳಿದರೆ ನಿಜ ಹೇಳಿ, ನಾಚಿಕೆಗೆ ಐದು ಕಿಲೋ ಇಳಿಸಬೇಡಿ, ವಿಮಾನದ ಭಾರದ ಲೆಕ್ಕ ನಿಲ್ಲುವುದು ಅದರ ಮೇಲೆ. ಮುಂದಿನ ಸೀಟಿನ ಎದುರೂ ಪೆಡಲ್, ಸ್ಟಿಯರಿಂಗ್ ಇರುತ್ತದೆ. ಮಗು ಹಿಂದೆಯೇ ಕೂರಲಿ, ನೀವೂ ಅವಳ ಪಕ್ಕದಲ್ಲಿ. ಕಿವಿಗೆ ಹೆಡ್‌ಸೆಟ್ ಬೇಕೇ ಬೇಕು, ಅವಳ ತಲೆಗೆ ಸರಿಹೊಂದುವುದು ಇದೆಯಾ ಎಂದು ಮೊದಲೇ ಕೇಳಿ. ಹತ್ತುವ ಮೊದಲು ಬಾತ್‌ರೂಮಿಗೆ ಹೋಗಿ ಬರಲಿ.

ಪ್ರಶ್ನೆ: ನಮ್ಮದು ಉಡುಪಿ. ಮುಂಬೈ ವಿಮಾನದಿಂದ ಮಲ್ಪೆ, ಕೃಷ್ಣ ಮಠ ಮಕ್ಕಳಿಗೆ ತೋರಿಸಬಹುದಾ?
- ಒಬ್ಬ ಓದುಗರು, ಅಂಬಲಪಾಡಿ

ಉತ್ತರ: ಮಠ ಬಿಡಿ, ಉಡುಪಿ ಪೇಟೆಯೇ ಮರಗಳ ನಡುವೆ ಕಳೆದುಹೋಗುತ್ತದೆ. ಕರಾವಳಿ ಹಿಡಿದು ಹಾರಿದರೆ ಮಾತ್ರ ಒಳ್ಳೆಯ ನೋಟ. ಮುಂಬೈಗೆ ಹೋಗುವಾಗ ದಂಡೆ ಬಲಕ್ಕೆ, ಬರುವಾಗ ಎಡಕ್ಕೆ. ಬರುವಾಗ ವಿಮಾನ ಇಳಿಯುತ್ತಾ ಇರುವುದರಿಂದ ಹೆಚ್ಚು ಕಾಣುತ್ತದೆ. ಮೊದಲು ಕೋಡಿ ಬೆಂಗ್ರೆ, ಅಲ್ಲಿ ಸೀತಾ, ಸುವರ್ಣಾ ನದಿಗಳು ಒಟ್ಟಾಗಿ ಕಡಲಿಗೆ ಸೇರುತ್ತವೆ. ಆಮೇಲೆ ಮಲ್ಪೆ ಬಂದರು, ಅದರ ಎದುರು ಸೈಂಟ್ ಮೇರೀಸ್ ದ್ವೀಪಗಳು. ಕಾಪು ಲೈಟ್‌ಹೌಸ್ 1901ರದ್ದು, ಆದರೆ ಮೇಲಿಂದ ಅದನ್ನು ಹುಡುಕುವುದು ಮಕ್ಕಳಿಗೆ ಕಷ್ಟ. ಬದಲಿಗೆ ಎಲ್ಲೂರಿನ ವಿದ್ಯುತ್ ಸ್ಥಾವರದ ಚಿಮಣಿ ಹುಡುಕಲು ಹೇಳಿ, ಅದು ತಪ್ಪುವುದಿಲ್ಲ. ಅದು ಹಿಂದೆ ಹೋಯಿತೆಂದರೆ ಬೆಲ್ಟ್ ಬಿಗಿ ಮಾಡಿ, ಮಕ್ಕಳ ಕೈಗೆ ನೀರಿನ ಬಾಟ್ಲಿ ಕೊಡಿ. ಬಜಪೆ ಹತ್ತಿರ ಬಂತು.